ಎಡವಿದವರ ಗುರು: ಕಾರ್ತೇಜಿನ ಸಂತ ಸಿಪ್ರಿಯನ್



ಕಳೆದ ತಿಂಗಳು ನನ್ನ ಹಳೆಯ ವಿದ್ಯಾರ್ಥಿಯೊಬ್ಬರು ದೂರವಾಣಿ ಮಾಡಿದ್ದರು. ಇಂದು ಅವರೇ ಒಂದು ಪ್ರೌಢಶಾಲೆಯ ಮುಖ್ಯೋಪಾಧ್ಯಾಯರು. ಅವರ ಶಾಲೆಯಲ್ಲಿ ಹತ್ತನೆಯ ತರಗತಿಯ ಹುಡುಗನೊಬ್ಬ ಪೂರ್ವಸಿದ್ಧತಾ ಪರೀಕ್ಷೆಯಲ್ಲಿ ಚೀಟಿ ಇಟ್ಟುಕೊಂಡು ಸಿಕ್ಕಿಬಿದ್ದಿದ್ದನಂತೆ. ಶಾಲೆಯಿಂದ ಕಳಿಸಿಬಿಡಿ ಎಂದು ಸಹೋದ್ಯೋಗಿಗಳಲ್ಲಿ ಅರ್ಧ ಜನ; ಹುಡುಗುಬುದ್ಧಿ, ಬಿಟ್ಟುಬಿಡಿ ಎಂದು ಇನ್ನರ್ಧ ಜನ. ಎಲ್ಲವನ್ನೂ ವಿವರಿಸಿದ ಮೇಲೆ ಅವರು, "ನಿಮ್ಮ ಕಾಲದಲ್ಲಿ ನೀವಾಗಿದ್ರೆ ಬಿಡ್ತಾನೇ ಇರಲಿಲ್ಲ, ಅಲ್ವಾ ಸಾರ್?" ಎಂದರು. ಅವರು ಹೊಗಳಿಕೆಯಾಗಿಯೇ ಹೇಳಿದ ಮಾತು ಅದು. ನನಗೆ ಮಾತ್ರ ಮುಳ್ಳು ಮುರಿದಂತಾಯಿತು. ಎರಡು ದಿನ ಬಿಟ್ಟು ಹೇಳುತ್ತೇನೆ ಎಂದು ದೂರವಾಣಿ ಇಟ್ಟೆ.

ಆ ಎರಡು ದಿನಗಳಲ್ಲಿ ನನ್ನ ಮನಸ್ಸು ಮತ್ತೆ ಮತ್ತೆ ಹೋಗಿ ನಿಂತದ್ದು ಕ್ರಿ.ಶ. ಮೂರನೆಯ ಶತಮಾನದ ಉತ್ತರ ಆಫ್ರಿಕಾದಲ್ಲಿ. ನಿವೃತ್ತಿಯ ನಂತರ ಬಿಡುವಾಗಿ ಓದಿದ ಚರಿತ್ರೆಯಲ್ಲಿ ನನ್ನನ್ನು ಬಹಳವಾಗಿ ಕಾಡಿದ ವ್ಯಕ್ತಿ ಕಾರ್ತೇಜ್ ನಗರದ ಬಿಷಪ್ ಸಿಪ್ರಿಯನ್. ಕ್ರೈಸ್ತರು ಅವರನ್ನು ಸಂತರೆಂದು ಪೂಜಿಸುತ್ತಾರೆ. ನಾನು ಇಲ್ಲಿ ಬರೆಯಹೊರಟಿರುವುದು ಪವಾಡದ ಕಥೆಯಲ್ಲ. ತಾನೂ ಒಮ್ಮೆ ಹಿಂದೆ ಸರಿದಿದ್ದ ಮನುಷ್ಯನೊಬ್ಬ, ಎಡವಿ ಬಿದ್ದವರ ನ್ಯಾಯ ತೀರ್ಮಾನಕ್ಕೆ ಕುಳಿತುಕೊಳ್ಳಬೇಕಾಗಿ ಬಂದಾಗ ಏನು ಮಾಡಿದ ಎಂಬ ವೃತ್ತಾಂತ.

ನಿಮಗೆ ತರಗತಿಯಲ್ಲಿ ರೋಮನ್ ಸಾಮ್ರಾಜ್ಯದ ಪಾಠ ಮಾಡುವಾಗ 'ಆರಂಭದಲ್ಲಿ ಕ್ರೈಸ್ತರು ಚಕ್ರವರ್ತಿಗಳಿಂದ ಹಿಂಸೆಗೊಳಗಾದರು' ಎಂದು ಒಂದೇ ಸಾಲಿನಲ್ಲಿ ಹೇಳಿ, ಸಾಮ್ರಾಜ್ಯದ ಪತನಕ್ಕೆ ಕಾರಣಗಳೆಂಬ ಐದು ಅಂಕದ ಪ್ರಶ್ನೆಗೆ ದಾಟಿಬಿಡುತ್ತಿದ್ದೆ. ಸಿಂಹಗಳ ಬಾಯಿಗೆ ನಗುನಗುತ್ತಾ ನಡೆದುಹೋದ ಭಕ್ತರ ಚಿತ್ರ ನಿಮ್ಮ ಮನಸ್ಸಿನಲ್ಲಿ ಮೂಡಿದ್ದರೆ ಅದರಲ್ಲಿ ನನ್ನ ಪಾಲೂ ಇದೆ. ಹಾಗೆ ನಡೆದವರು ಇದ್ದರು, ಸುಳ್ಳಲ್ಲ. ಆದರೆ ಕ್ರಿ.ಶ. 250ರಲ್ಲಿ ಕಾರ್ತೇಜಿನಲ್ಲಿ ನಡೆದುದನ್ನು ಸ್ವತಃ ಸಿಪ್ರಿಯನ್ ಬರೆದಿಟ್ಟಿದ್ದಾರೆ: ಅಲ್ಲಿನ ಕ್ರೈಸ್ತರಲ್ಲಿ ಬಹುಪಾಲು ಜನ ಮಣಿದರು.

* * *

ಕಾರ್ತೇಜ್ ಇದ್ದದ್ದು ಇಂದಿನ ಟ್ಯುನೀಷಿಯಾ ದೇಶದ ರಾಜಧಾನಿ ಟ್ಯೂನಿಸ್‌ನ ಸಮೀಪ, ಕಡಲಿನ ದಂಡೆಯಲ್ಲಿ. ಹ್ಯಾನಿಬಾಲ್‌ನ ಕಾರ್ತೇಜನ್ನು ರೋಮನ್ನರು ಕ್ರಿ.ಪೂ. 146ರಲ್ಲಿ ನೆಲಸಮ ಮಾಡಿದ್ದನ್ನು ನೀವು ಓದಿದ್ದೀರಿ. ಮುಂದೆ ಅದೇ ಜಾಗದಲ್ಲಿ ರೋಮನ್ನರೇ ಹೊಸ ನಗರ ಕಟ್ಟಿದರು. ಸಿಪ್ರಿಯನ್ನರ ಕಾಲಕ್ಕೆ ಅದು ಆಫ್ರಿಕಾ ಪ್ರಾಂತದ ರಾಜಧಾನಿ. ಅದರ ಸುತ್ತಲಿನ ನಾಡು ರೋಮ್ ನಗರಕ್ಕೆ ಧಾನ್ಯ ಕಳಿಸುತ್ತಿದ್ದ ಕಣಜ.

ಅಂತಹ ನಗರದ ಶ್ರೀಮಂತ ಮನೆತನವೊಂದರಲ್ಲಿ ಮೂರನೆಯ ಶತಮಾನದ ಆರಂಭದಲ್ಲಿ ಹುಟ್ಟಿದವರು ತಾಸ್ಕಿಯಸ್ ಸಿಸಿಲಿಯಸ್ ಸಿಪ್ರಿಯನ್. ಅವರೂ ನನ್ನ ಕಸುಬಿನವರೇ. ವಾಗ್ಮಿತೆಯ ಶಾಸ್ತ್ರವನ್ನು ಕಲಿಸುವ ಅಧ್ಯಾಪಕರಾಗಿ ಹೆಸರು ಮಾಡಿದ್ದರೆಂದು ಸಂತ ಜೆರೋಮ್ ಬರೆದಿದ್ದಾರೆ. ಅಂದಿನ ರೋಮನ್ ಜಗತ್ತಿನಲ್ಲಿ ಆ ಶಾಸ್ತ್ರ ಬಲ್ಲವರಿಗೆ ನ್ಯಾಯಾಲಯದಲ್ಲೂ ಅಧಿಕಾರದಲ್ಲೂ ಬಾಗಿಲು ತೆರೆಯುತ್ತಿತ್ತು. ಸುಮಾರು 246ರಲ್ಲಿ, ನಡುವಯಸ್ಸು ತಲುಪಿದ ಮೇಲೆ, ವೃದ್ಧ ಪಾದ್ರಿಯೊಬ್ಬರ ಪ್ರಭಾವದಿಂದ ಅವರು ಕ್ರೈಸ್ತಮತವನ್ನು ಸ್ವೀಕರಿಸಿದರು; ಆಸ್ತಿಯ ಬಹುಭಾಗವನ್ನು ಬಡವರಿಗೆ ಹಂಚಿದರು. ಎರಡು ಮೂರು ವರ್ಷಗಳಲ್ಲೇ, ಜನರ ಒತ್ತಾಯದ ಮೇಲೆ, ಅವರನ್ನು ಕಾರ್ತೇಜಿನ ಬಿಷಪ್ ಆಗಿ ಆರಿಸಲಾಯಿತು. ಹೊಸಬರೊಬ್ಬರು ತಮ್ಮ ತಲೆಯ ಮೇಲೆ ಬಂದು ಕುಳಿತರೆಂದು ಐವರು ಹಿರಿಯ ಪಾದ್ರಿಗಳು ಮುನಿಸಿಕೊಂಡರು. ಆ ಮುನಿಸು ಮುಂದೆ ದೊಡ್ಡದಾಯಿತು.

ಇತ್ತ ಸಾಮ್ರಾಜ್ಯದ ಪರಿಸ್ಥಿತಿ ಹದಗೆಡುತ್ತಿತ್ತು. 248ರಲ್ಲಿ ರೋಮ್ ನಗರ ಸ್ಥಾಪನೆಯಾಗಿ ಸಾವಿರ ವರ್ಷ ತುಂಬಿದ ಮಹೋತ್ಸವ ನಡೆದಿತ್ತು. ಆದರೆ ಡ್ಯಾನ್ಯೂಬ್ ನದಿಯ ಗಡಿಯಲ್ಲಿ ಗೋಥರು, ಪೂರ್ವದಲ್ಲಿ ಪರ್ಷಿಯನ್ನರು ಒತ್ತುತ್ತಿದ್ದರು. 249ರಲ್ಲಿ ಸಿಂಹಾಸನವೇರಿದ ಡೀಸಿಯಸ್ ಎಂಬ ಸೇನಾನಿ ಹಳೆಯ ದೇವತೆಗಳ ಕೃಪೆಯನ್ನು ಮರಳಿ ಪಡೆಯಬೇಕೆಂದು ನಿಶ್ಚಯಿಸಿದ. ಸಾಮ್ರಾಜ್ಯದ ಪ್ರಜೆಗಳೆಲ್ಲರೂ ದೇವತೆಗಳಿಗೆ ಬಲಿ ಅರ್ಪಿಸಿ, ಮದ್ಯವನ್ನು ತರ್ಪಣವಾಗಿ ಎರೆದು, ಬಲಿಯ ಮಾಂಸದ ರುಚಿ ನೋಡಬೇಕು. ಹಾಗೆ ಮಾಡಿದ್ದಕ್ಕೆ ಸ್ಥಳೀಯ ಸಮಿತಿಯಿಂದ ಲಿಖಿತ ಪ್ರಮಾಣಪತ್ರ ಪಡೆಯಬೇಕು ಎಂದು ಆಜ್ಞೆ ಹೊರಟಿತು.

ಈ ಪ್ರಮಾಣಪತ್ರಗಳಲ್ಲಿ ನಲವತ್ತಕ್ಕೂ ಹೆಚ್ಚು ಈಜಿಪ್ಟಿನ ಒಣ ಮರಳಿನಲ್ಲಿ ಉಳಿದು ನಮ್ಮ ಕಾಲಕ್ಕೆ ಸಿಕ್ಕಿವೆ. ಮೊದಲನೆಯದು ಪ್ರಕಟವಾದದ್ದು 1893ರಲ್ಲಿ. ಅದು 250ನೆಯ ಇಸವಿಯ ಜೂನ್ 26ರ ಪತ್ರ. ಅರ್ಜಿದಾರ ಡಯೋಜಿನಿಸ್ ಎಂಬ 72 ವರ್ಷದ ಮುದುಕ. ತಂದೆಯ ಹೆಸರು, ಊರಿನ ಹೆಸರು, ವಯಸ್ಸು ಎಲ್ಲವೂ ಇವೆ; ಜೊತೆಗೆ 'ಬಲಹುಬ್ಬಿನ ಮೇಲೆ ಗಾಯದ ಕಲೆ' ಎಂಬ ಗುರುತು. ನಮ್ಮ ಶಾಲಾ ದಾಖಲೆಗಳಲ್ಲಿ 'ಎಡಗೈ ಮೇಲೆ ಮಚ್ಚೆ' ಎಂದು ಎಷ್ಟು ಜನರಿಗೆ ನಾನೇ ಬರೆದಿಲ್ಲ! ಇದನ್ನು ಓದಿದಾಗ ಸಾವಿರದ ಏಳುನೂರು ವರ್ಷಗಳ ಹಿಂದಿನ ಕಚೇರಿ ನನ್ನ ಕಣ್ಣ ಮುಂದೆಯೇ ಬಂದಂತಾಯಿತು. ಇನ್ನೊಂದು ಪತ್ರ ಮೊಸಳೆ ದೇವತೆಯ ಪೂಜಾರಿಣಿಯೊಬ್ಬಳದು. ಪರಂಪರೆಯ ದೇವರ ಪೂಜಾರಿಣಿಯೇ ದೈವಭಕ್ತಿಯ ಪ್ರಮಾಣಪತ್ರಕ್ಕೆ ಸಾಲಿನಲ್ಲಿ ನಿಲ್ಲಬೇಕಾಯಿತು ಎಂದ ಮೇಲೆ ಆಜ್ಞೆಯ ಬಲೆ ಎಷ್ಟು ಅಗಲವಾಗಿತ್ತೆಂದು ಊಹಿಸಿಕೊಳ್ಳಿ.

ಏಕದೇವನ ಹೊರತು ಬೇರಾರಿಗೂ ಬಲಿ ಸಲ್ಲದೆಂದು ನಂಬಿದ್ದ ಕ್ರೈಸ್ತರಿಗೆ ಇದು ಪ್ರಾಣಸಂಕಟವಾಯಿತು. ಒಪ್ಪದವರಿಗೆ ಸೆರೆಮನೆ, ಚಿತ್ರಹಿಂಸೆ, ಗಡೀಪಾರು, ಆಸ್ತಿಯ ಮುಟ್ಟುಗೋಲು. ರೋಮಿನ ಬಿಷಪ್ ಫೇಬಿಯನ್ 250ರ ಜನವರಿ 20ರಂದು ಪ್ರಾಣ ತೆತ್ತರು. ಕಾರ್ತೇಜಿನಲ್ಲಿ ಜನ ಗುಂಪುಗುಂಪಾಗಿ ದೇವಾಲಯದ ಗುಡ್ಡ ಹತ್ತಿದರು. ಯಾರೂ ಎಳೆದೊಯ್ಯುವ ಮೊದಲೇ ತಾವಾಗಿ ಓಡಿದವರಿದ್ದರು. ಸಂಜೆಯಾಯಿತು, ನಾಳೆ ಬನ್ನಿ ಎಂದು ಅಧಿಕಾರಿಗಳು ಹೇಳಿದರೂ ಇಂದೇ ಮುಗಿಸಿಕೊಡಿ ಎಂದು ಬೇಡಿಕೊಂಡವರಿದ್ದರು. ಹಣವುಳ್ಳ ಕೆಲವರು ಬೇರೊಂದು ದಾರಿ ಹಿಡಿದರು. ಬಲಿ ಕೊಡದೆ, ಲಂಚ ಕೊಟ್ಟು, ಬಲಿ ಕೊಟ್ಟೆನೆಂಬ ಪತ್ರವನ್ನು ಮಾತ್ರ ಪಡೆದುಕೊಂಡರು. ಕೈಗೆ ಮಸಿಯಾಗಲಿಲ್ಲ, ಮೈಗೆ ನೋವಾಗಲಿಲ್ಲ, ಕಾಗದ ಸರಿಯಿತ್ತು.

ಮತ್ತು ಬಿಷಪ್ ಸಿಪ್ರಿಯನ್? ಅವರು ಊರು ಬಿಟ್ಟು ಅಡಗಿಕೊಂಡರು.

* * *

ಈ ಸಂಗತಿಯನ್ನು ಮೊದಲು ಓದಿದಾಗ ನನಗೂ ಮನಸ್ಸು ಮುದುಡಿತು. ಮಂದೆಯನ್ನು ಬಿಟ್ಟು ಓಡಿದ ಕುರುಬ ಎಂದು ಅಂದಿನವರೂ ಆಡಿಕೊಂಡರು. ರೋಮಿನ ಪಾದ್ರಿಗಳು ಕಾರ್ತೇಜಿಗೆ ಬರೆದ ಪತ್ರವೊಂದರಲ್ಲಿ ಕೂಲಿಯ ಕುರುಬನ ಪ್ರಸ್ತಾಪ ಬಂದಿತ್ತು. ಯಾರನ್ನು ಕುರಿತದ್ದೆಂದು ತಿಳಿಯದಷ್ಟು ಸಿಪ್ರಿಯನ್ ದಡ್ಡರಾಗಿರಲಿಲ್ಲ. ಅವರು ಆ ಪತ್ರವನ್ನೇ ರೋಮಿಗೆ ಹಿಂದಿರುಗಿಸಿ, ಇದರ ಬರಹವೂ ಒಕ್ಕಣೆಯೂ ಅನುಮಾನ ಹುಟ್ಟಿಸುತ್ತವೆ, ನಿಜಕ್ಕೂ ನೀವೇ ಬರೆದದ್ದೇ ಪರೀಕ್ಷಿಸಿ ಎಂದು ವಿನಯದಿಂದಲೇ ತಿರುಗೇಟು ಕೊಟ್ಟರು. ಆಮೇಲೆ, ಅಡಗಿದ್ದರೂ ಕರ್ತವ್ಯ ಬಿಟ್ಟಿಲ್ಲವೆಂಬುದಕ್ಕೆ ಸಾಕ್ಷಿಯಾಗಿ, ತಾವು ಅಜ್ಞಾತವಾಸದಿಂದ ಬರೆದಿದ್ದ ಹದಿಮೂರು ಪತ್ರಗಳ ಪ್ರತಿಗಳನ್ನು ಕಳಿಸಿಕೊಟ್ಟರು. ತಾನಿದ್ದರೆ ಜನರ ಗಲಭೆ ಹೆಚ್ಚಿ ಎಲ್ಲರಿಗೂ ಅಪಾಯವಾಗುತ್ತಿತ್ತು ಎಂಬುದು ಅವರ ಸಮರ್ಥನೆ. ಅದರಲ್ಲಿ ಸತ್ಯವಿತ್ತು. ಆದರೂ ಸೆರೆಯಲ್ಲಿ ಜನ ಹಸಿವಿನಿಂದ ಸಾಯುತ್ತಿದ್ದಾಗ ತಾನು ಹೊರಗಿದ್ದೆ ಎಂಬ ನೆನಪು ಅವರ ಬೆನ್ನು ಬಿಟ್ಟಿರಲಾರದು.

ಹಿಂಸೆಯ ಅಲೆ ಇಳಿಯುತ್ತಿದ್ದಂತೆ ಮಣಿದವರು ಮರಳಿ ಬರತೊಡಗಿದರು. ನಾಚಿಕೆ, ಅಳು, ಪಶ್ಚಾತ್ತಾಪ. ನಮ್ಮನ್ನು ಮತ್ತೆ ಸಭೆಗೆ ಸೇರಿಸಿಕೊಳ್ಳಿ ಎಂಬ ಮೊರೆ. ಇವರಿಗೆ ಲ್ಯಾಟಿನ್ನಿನಲ್ಲಿ 'ಲಾಪ್ಸಿ', ಅಂದರೆ ಜಾರಿ ಬಿದ್ದವರು, ಎಂಬ ಹೆಸರಾಯಿತು.

ಸೆರೆಯಲ್ಲಿ ಹಿಂಸೆ ಅನುಭವಿಸಿಯೂ ಮಣಿಯದೆ ಉಳಿದವರ ಮಾತಿಗೆ ಅಂದು ದೈವವಾಕ್ಯದ ಬೆಲೆ. ಅವರಲ್ಲಿ ಕೆಲವರು ಬಿದ್ದವರಿಗೆ ಕ್ಷಮಾಪತ್ರಗಳನ್ನು ಕೊಡತೊಡಗಿದರು. ಲೂಸಿಯಾನಸ್ ಎಂಬಾತ ಹುತಾತ್ಮನಾದ ಮಿತ್ರನ ಹೆಸರಿನಲ್ಲಿ ಕೇಳಿದವರಿಗೆಲ್ಲ ಬರೆದುಕೊಟ್ಟ. ಬಲಿ ಕೊಟ್ಟೆನೆಂಬ ಪತ್ರ ಕೈಯಲ್ಲಿ ಹಿಡಿದಿದ್ದ ಜನರೇ ಕೆಲವು ತಿಂಗಳಲ್ಲಿ ಕ್ಷಮೆಯಾಯಿತೆಂಬ ಪತ್ರ ಹಿಡಿದು ಬಂದರು! ಸಿಪ್ರಿಯನ್ನರ ಮೇಲೆ ಹಳೆಯ ಮುನಿಸಿದ್ದ ಪಾದ್ರಿಗಳು ವಿಚಾರಣೆಯಿಲ್ಲದೆ ಎಲ್ಲರನ್ನೂ ಒಳಗೆ ಕರೆದುಕೊಂಡರು. ಇದಕ್ಕೆ ತದ್ವಿರುದ್ಧವಾಗಿ ರೋಮಿನಲ್ಲಿ ನೊವೇಶಿಯನ್ ಎಂಬ ವಿದ್ವಾಂಸ ಪಾದ್ರಿ, ದೇವರನ್ನು ನಿರಾಕರಿಸಿದವರಿಗೆ ಈ ಲೋಕದಲ್ಲಿ ಸಭೆಯ ಬಾಗಿಲು ಮತ್ತೆ ತೆರೆಯದು, ಸಾಯುವಾಗಲೂ ತೆರೆಯದು ಎಂದ. 251ರಲ್ಲಿ ಕೊರ್ನೇಲಿಯಸ್ ರೋಮಿನ ಬಿಷಪ್ ಆದಾಗ ನೊವೇಶಿಯನ್ ಪ್ರತಿಸ್ಪರ್ಧಿ ಬಿಷಪ್ ಆಗಿ ನಿಂತ. ಒಂದು ಕಡೆ ಬಾಗಿಲನ್ನೇ ಕಿತ್ತೊಗೆದವರು, ಇನ್ನೊಂದು ಕಡೆ ಬೀಗ ಜಡಿದವರು. ನಡುವೆ ಸಿಪ್ರಿಯನ್.

ಅವರ ಮೊದಲ ನಿಲುವು ಬಿಗಿಯಾಗಿಯೇ ಇತ್ತು. ಶಾಂತಿ ಮರಳುವವರೆಗೆ ಯಾರನ್ನೂ ಸೇರಿಸಿಕೊಳ್ಳಬಾರದು. ಎಲ್ಲ ಬಿಷಪರು ಕೂಡಿ ಕುಳಿತು ತೀರ್ಮಾನಿಸಬೇಕು ಎಂದರು. ಆದರೆ 250ರ ಬೇಸಿಗೆಯಲ್ಲಿ ಜ್ವರದ ಕಾಲ ಬಂದಾಗ, ಕ್ಷಮಾಪತ್ರವುಳ್ಳವರು ಸಾಯುವ ಸ್ಥಿತಿಯಲ್ಲಿದ್ದರೆ ತನಗಾಗಿ ಕಾಯದೆ ಅವರನ್ನು ಸೇರಿಸಿಕೊಳ್ಳಿ ಎಂದು ಬರೆದರು. ಅಲ್ಲಿಂದ ಮುಂದೆ ಅವರ ನಿಯಮ ಹೆಜ್ಜೆಹೆಜ್ಜೆಗೂ ಮೃದುವಾಗುತ್ತಾ ಹೋಗುವುದನ್ನು ಅವರ ಪತ್ರಗಳಲ್ಲಿ ಕಾಣಬಹುದು. ಅದಕ್ಕೆ ಕಾರಣ, ಅವರ ಬಳಿಗೆ ಬಂದದ್ದು ಸಿದ್ಧಾಂತವಲ್ಲ, ಹೆಸರುಳ್ಳ ಮನುಷ್ಯರು.

ಅಂಥ ಮೂರು ಪ್ರಕರಣಗಳನ್ನು ಹೇಳುತ್ತೇನೆ.

ಬೋನಾ ಎಂಬಾಕೆಯನ್ನು ಅವಳ ಗಂಡನೇ ಬಲಿಪೀಠಕ್ಕೆ ಎಳೆದುಕೊಂಡು ಹೋದ. ಅವಳ ಕೈಗಳನ್ನು ಹಿಡಿದು ಬಲಿ ಕೊಡಿಸಿದರು. ಇದನ್ನು ಮಾಡಿದ್ದು ನಾನಲ್ಲ, ನೀವು ಎಂದು ಅವಳು ಅಲ್ಲೇ ಕೂಗಿ ಹೇಳಿದಳು. ಅದಕ್ಕಾಗಿ ಅವಳನ್ನು ಗಡೀಪಾರು ಮಾಡಲಾಯಿತು. ಇವಳು ಬಿದ್ದವಳೋ, ನಿಂತವಳೋ?

ರೋಮಿನಲ್ಲಿ ನುಮೇರಿಯಾ ಮತ್ತು ಕ್ಯಾಂಡಿಡಾ ಎಂಬ ಇಬ್ಬರು ಹೆಂಗಸರಿದ್ದರು. ಒಬ್ಬಾಕೆ ಬಲಿ ಕೊಟ್ಟಿದ್ದಳು. ಇನ್ನೊಬ್ಬಳು ದಾರಿಯಲ್ಲೇ ಹಣ ಕೊಟ್ಟು ತಪ್ಪಿಸಿಕೊಂಡು ಹಿಂದಿರುಗಿದ್ದಳು. ಆಮೇಲೆ ಇಬ್ಬರೂ ಪಶ್ಚಾತ್ತಾಪದಿಂದ, ಕಾರ್ತೇಜಿನಿಂದ ಗಡೀಪಾರಾಗಿ ಹಡಗಿನಲ್ಲಿ ಬಂದ ಭಕ್ತರನ್ನು ಬಂದರಿಗೇ ಹೋಗಿ ಎದುರುಗೊಂಡು, ಅವರಲ್ಲಿ 65 ಜನರಿಗೆ ಅನ್ನ, ಆಶ್ರಯ ಕೊಟ್ಟು ಸಾಕಿದರು. ಅವರ ಪರವಾಗಿ ಕ್ಷಮೆ ಬೇಡಿ ಪತ್ರ ಬರೆದವನು ಸೆಲೆರಿನಸ್. ತಾನು ಹತ್ತೊಂಬತ್ತು ದಿನ ಸಂಕೋಲೆಯಲ್ಲಿದ್ದು ಮಣಿಯದೆ ಬಂದವನು.

ಮೂರನೆಯದು ಕ್ಯಾಪ್ಸಾ ಎಂಬ ಊರಿನದು. ನೀನಸ್, ಕ್ಲೆಮೆಂಟಿಯಾನಸ್, ಫ್ಲೋರಸ್ ಎಂಬ ಮೂವರು ಸ್ಥಳೀಯ ಅಧಿಕಾರಿಗಳ ಹಿಂಸೆಯನ್ನು ತಾಳಿಕೊಂಡರು. ಬಳಿಕ ಪ್ರಾಂತಾಧಿಕಾರಿಯ ಮುಂದೆ ದಿನಗಟ್ಟಲೆ ನಡೆದ ಎರಡನೆಯ ಸುತ್ತಿನ ಹಿಂಸೆಯಲ್ಲಿ ಸೋತರು. ಮೂರು ವರ್ಷ ಅಳುತ್ತಾ ಪ್ರಾಯಶ್ಚಿತ್ತ ಮಾಡಿದರು. ಅವರನ್ನು ಸೇರಿಸಿಕೊಳ್ಳಬಹುದೇ ಎಂದು ಪ್ರಶ್ನೆ ಬಂದಾಗ ಸಿಪ್ರಿಯನ್ ಕೊಟ್ಟ ಉತ್ತರದ ಸಾರ ಇದು: ಅವರ ಮನಸ್ಸು ಬೀಳಲಿಲ್ಲ, ದೇಹ ಬಿದ್ದಿತು, ಮೂರು ವರ್ಷದ ಕಣ್ಣೀರು ಸಾಕು.

* * *

ಡೀಸಿಯಸ್ 251ರ ಬೇಸಿಗೆಯಲ್ಲಿ ಗೋಥರೊಡನೆ ಯುದ್ಧದಲ್ಲಿ ಮಡಿದ. ಅದಕ್ಕೂ ಕೆಲವು ವಾರ ಮೊದಲೇ, ಈಸ್ಟರ್ ಕಳೆದ ಮೇಲೆ, ಸಿಪ್ರಿಯನ್ ಕಾರ್ತೇಜಿಗೆ ಮರಳಿದ್ದರು. ಆಫ್ರಿಕಾದ ಬಿಷಪರ ಸಭೆ ಸೇರಿತು. ಪತ್ರ ಮಾತ್ರ ಪಡೆದವರನ್ನು ಒಬ್ಬೊಬ್ಬರ ಸಂದರ್ಭವನ್ನೂ ವಿಚಾರಿಸಿ ಸೇರಿಸಿಕೊಳ್ಳುವುದು. ನಿಜವಾಗಿ ಬಲಿ ಕೊಟ್ಟವರು ದೀರ್ಘ ಪ್ರಾಯಶ್ಚಿತ್ತ ಮಾಡುವುದು, ಮರಣಕಾಲ ಬಂದರೆ ಅವರಿಗೂ ಕ್ಷಮೆ ಕೊಡುವುದು ಎಂದು ತೀರ್ಮಾನವಾಯಿತು.

ಈ ತೀರ್ಮಾನವನ್ನು ಸಮರ್ಥಿಸಿ ಅಂಟೋನಿಯಾನಸ್ ಎಂಬ ಬಿಷಪರಿಗೆ ಸಿಪ್ರಿಯನ್ ಬರೆದ ದೀರ್ಘ ಪತ್ರ ಅಧ್ಯಾಪಕರಾದವರೆಲ್ಲ ಓದಬೇಕಾದದ್ದು. ಎಲ್ಲ ಪಾಪಗಳೂ ಸಮಾನವೆಂಬುದು ಸ್ಟೋಯಿಕ್ ತತ್ತ್ವಜ್ಞಾನಿಗಳ ಮತ. ಅದನ್ನು ಅವರು ನೇರವಾಗಿ ಅಲ್ಲಗಳೆಯುತ್ತಾರೆ. ಕರೆದ ಕೂಡಲೇ ಓಡಿದವನೂ, ಬಹಳ ಹೊತ್ತು ಹೋರಾಡಿ ಸೋತವನೂ ಒಂದೇ ಅಲ್ಲ. ತನ್ನ ಹೆಂಡತಿ ಮಕ್ಕಳನ್ನೆಲ್ಲ ಬಲಿಪೀಠಕ್ಕೆ ಕರೆತಂದವನೂ, ತಾನೊಬ್ಬನೇ ಹೋಗಿ ಬಲಿ ಕೊಟ್ಟು ಇಡೀ ಮನೆಯನ್ನು, ಒಕ್ಕಲುಗಳನ್ನು, ಮನೆಯಲ್ಲಿ ಅಡಗಿಸಿಟ್ಟಿದ್ದ ನಿರಾಶ್ರಿತರನ್ನು ಉಳಿಸಿದವನೂ ಒಂದೇ ಅಲ್ಲ. ಹೊರಗಿನಿಂದ ನೋಡಿದರೆ ತಪ್ಪು ಒಂದೇ; ಒಳಹೊಕ್ಕು ಕೇಳಿದರೆ ಮನುಷ್ಯ ಬೇರೆ ಬೇರೆ. ಆದ್ದರಿಂದ ಮೊದಲು ಕೇಳಬೇಕು.

ಪ್ರಾಯಶ್ಚಿತ್ತವೇ ಬೇಡವೆಂದವರ ಮಾತನ್ನೂ ಅವರು ಒಪ್ಪಲಿಲ್ಲ. ಗಾಯವನ್ನು ತೊಳೆಯದೆ ಮೇಲೆ ಬಟ್ಟೆ ಮುಚ್ಚುವ ವೈದ್ಯ ರೋಗಿಯ ಮಿತ್ರನಲ್ಲ ಎಂಬ ಅರ್ಥದ ಮಾತನ್ನು ಅವರು ಬಾರಿಬಾರಿಗೂ ಬರೆಯುತ್ತಾರೆ. ಕ್ಷಮಾಪತ್ರಗಳ ಹಂಚಿಕೆಯನ್ನು ಅವರು ಎದುರಿಸಿದ್ದು ಕ್ಷಮೆಯ ಮೇಲಿನ ದ್ವೇಷದಿಂದಲ್ಲ. ಆ ಪತ್ರ ಬಿದ್ದವನಿಗೆ ಅಳುವ ಅವಕಾಶವನ್ನೂ ಕೊಡುತ್ತಿರಲಿಲ್ಲವೆಂಬ ಕಾರಣಕ್ಕೆ.

ಮುಂದಿನ ಒಂದೆರಡು ವರ್ಷಗಳಲ್ಲಿ ಇನ್ನೊಂದು ಹಿಂಸೆಯ ಮೋಡ ಕವಿಯಿತು. ಆಗ 42 ಬಿಷಪರು ಕೂಡಿ, ಪ್ರಾಯಶ್ಚಿತ್ತ ಮಾಡುತ್ತಿದ್ದ ಎಲ್ಲರನ್ನೂ, ಬಲಿ ಕೊಟ್ಟವರನ್ನೂ ಸಹ, ಕೂಡಲೇ ಸೇರಿಸಿಕೊಳ್ಳಲು ನಿರ್ಧರಿಸಿದರು. ಯುದ್ಧಕ್ಕೆ ಕಳಿಸುವ ಯೋಧನನ್ನು ನಿರಾಯುಧನಾಗಿ ಕಳಿಸಲಾದೀತೆ? ಕ್ರಿಸ್ತನಿಗಾಗಿ ನಿನ್ನ ರಕ್ತ ಕೊಡು ಎಂದು ಕೇಳುವವರು ಕ್ರಿಸ್ತನ ರಕ್ತದ ಪಾತ್ರೆಯನ್ನು ಅವನಿಗೆ ನಿರಾಕರಿಸಲಾದೀತೆ? ಇದು ಅವರ ವಾದ. ಒಮ್ಮೆ ಬಿದ್ದವನು ಎರಡನೆಯ ಸಲ ನಿಂತಾನು ಎಂಬ ಭರವಸೆಯೊಂದೇ ಆ ನಿರ್ಧಾರದ ಆಧಾರ.

ಅದೇ ವರ್ಷಗಳಲ್ಲಿ ಸಾಮ್ರಾಜ್ಯವನ್ನು ಭೀಕರ ಸಾಂಕ್ರಾಮಿಕವೊಂದು ಕಾಡಿತು. ಭೇದಿ, ವಾಂತಿ, ಗಂಟಲ ಹುಣ್ಣು, ಕೆಂಪಡರಿದ ಕಣ್ಣು, ಕೊಳೆಯುವ ಕೈಕಾಲು ಎಂದು ಅದರ ಲಕ್ಷಣಗಳನ್ನು ಸಿಪ್ರಿಯನ್ ಬರೆದಿಟ್ಟಿದ್ದರಿಂದ ಇತಿಹಾಸಕಾರರು ಅದನ್ನು ಅವರ ಹೆಸರಿನಿಂದಲೇ ಕರೆಯುತ್ತಾರೆ. ಜನ ತಮ್ಮವರನ್ನೇ ಬೀದಿಗೆ ತಳ್ಳುತ್ತಿದ್ದಾಗ, ಕ್ರೈಸ್ತರು ತಮ್ಮವರನ್ನಷ್ಟೇ ಅಲ್ಲ, ತಮ್ಮನ್ನು ಹಿಂಸಿಸಿದವರನ್ನೂ ಉಪಚರಿಸಬೇಕೆಂದು ಅವರು ಬೋಧಿಸಿ ಕೆಲಸ ಹಂಚಿದರೆಂದು ಅವರ ಜೀವನಚರಿತ್ರೆ ಬರೆದ ಪೊಂಟಿಯಸ್ ಹೇಳುತ್ತಾನೆ. ನುಮಿಡಿಯಾದಲ್ಲಿ ದಾಳಿಕೋರರು ಜನರನ್ನು ಸೆರೆ ಒಯ್ದಾಗ ಅವರ ಬಿಡುಗಡೆಗೆಂದು ಕಾರ್ತೇಜಿನಿಂದ ಒಂದು ಲಕ್ಷ ಸೆಸ್ಟರ್ಸ್ ನಾಣ್ಯಗಳನ್ನು ಕೂಡಿಸಿ ಕಳಿಸಿದರು. ಈ ಕೆಲಸಗಳಿಗೆ ಹೆಗಲು ಕೊಟ್ಟವರಲ್ಲಿ 250ರಲ್ಲಿ ಗುಡ್ಡ ಹತ್ತಿದ್ದವರೂ ಇದ್ದಿರಬೇಕೆಂದು ನನಗೆ ತೋರುತ್ತದೆ.

ಅವರು ದೋಷವಿಲ್ಲದವರೇನೂ ಅಲ್ಲ. ಬೇರೆ ಪಂಥದವರು ಕೊಟ್ಟ ದೀಕ್ಷಾಸ್ನಾನ ಸಲ್ಲದೆಂಬ ವಿಷಯದಲ್ಲಿ ರೋಮಿನ ಬಿಷಪ್ ಸ್ಟೀಫನ್ನರೊಡನೆ ಹಟ ಹಿಡಿದು ಜಗಳವಾಡಿದರು. ಮುಂದೆ ಪಶ್ಚಿಮದ ಕ್ರೈಸ್ತಸಭೆ ಆ ವಿಷಯದಲ್ಲಿ ಸ್ಟೀಫನ್ನರ ಪಕ್ಷವನ್ನೇ ಹಿಡಿಯಿತು. ಅವರ ಮಾತಿನಲ್ಲಿ ಅಧಿಕಾರದ ಗತ್ತೂ ಕೆಲವೊಮ್ಮೆ ಇಣುಕುತ್ತದೆ. ಆದರೆ ಬಿದ್ದವರ ವಿಷಯದಲ್ಲಿ ಅವರು ನಡೆದ ದಾರಿ ಗಟ್ಟಿಯಾಗಿ ನಿಂತಿತು.

* * *

257ರಲ್ಲಿ ಚಕ್ರವರ್ತಿ ವಲೇರಿಯನ್ ಮತ್ತೆ ಹಿಂಸೆ ಆರಂಭಿಸಿದ. ಈ ಸಲ ಗುರಿ ನೇರವಾಗಿ ಬಿಷಪರು ಮತ್ತು ಪಾದ್ರಿಗಳು. ಆಗಸ್ಟ್ 30ರಂದು ಸಿಪ್ರಿಯನ್ನರನ್ನು ಪ್ರಾಂತಾಧಿಕಾರಿ ಪ್ಯಾಟರ್ನಸ್ ಕರೆಸಿ ವಿಚಾರಿಸಿದ. ನಿನ್ನ ಪಾದ್ರಿಗಳ ಹೆಸರು ಹೇಳು ಎಂದಾಗ, ಚಾಡಿ ಹೇಳುವುದನ್ನು ನಿಮ್ಮ ಕಾನೂನೇ ನಿಷೇಧಿಸಿದೆಯಲ್ಲ ಎಂದು ಉತ್ತರಿಸಿದರು. ಅವರನ್ನು ಕಡಲತೀರದ ಕುರುಬಿಸ್ ಎಂಬ ಊರಿಗೆ ಗಡೀಪಾರು ಮಾಡಲಾಯಿತು. ಮರುವರ್ಷ ಆಜ್ಞೆ ಇನ್ನೂ ಕಠಿಣವಾಯಿತು. 258ರ ಆಗಸ್ಟ್ 6ರಂದು ರೋಮಿನ ಬಿಷಪ್ ಎರಡನೆಯ ಸಿಕ್ಸ್ಟಸ್ ಅವರ ತಲೆ ಕಡಿದ ಸುದ್ದಿ ಬಂತು.

ಆ ಹೊತ್ತಿಗೆ ಸಿಪ್ರಿಯನ್ನರನ್ನು ಕಾರ್ತೇಜಿನ ತಮ್ಮ ತೋಟದ ಮನೆಗೆ ಮರಳಿ ಕರೆಸಲಾಗಿತ್ತು. ಹೊಸ ಪ್ರಾಂತಾಧಿಕಾರಿ ಆಗ ಇದ್ದದ್ದು ಯುಟಿಕಾ ಎಂಬ ಊರಿನಲ್ಲಿ. ಅಲ್ಲಿಗೆ ಒಯ್ಯಲು ಜನ ಬರುತ್ತಾರೆಂದು ತಿಳಿದಾಗ ಸಿಪ್ರಿಯನ್ ಮತ್ತೊಮ್ಮೆ ಮರೆಯಾದರು. ಆದರೆ ಈ ಸಲದ ಕಾರಣವೇ ಬೇರೆ. ಬಿಷಪನಾದವನು ಸಾಯಬೇಕಾದ್ದು ತನ್ನ ಊರಿನಲ್ಲಿ, ತನ್ನ ಜನರ ಕಣ್ಣೆದುರು ಎಂದು ಅವರು ತಮ್ಮ ಕೊನೆಯ ಪತ್ರದಲ್ಲಿ ಬರೆದಿದ್ದಾರೆ. ಪ್ರಾಂತಾಧಿಕಾರಿ ಕಾರ್ತೇಜಿಗೆ ಬಂದೊಡನೆ ತಾವೂ ತೋಟಕ್ಕೆ ಮರಳಿ ಕಾದು ಕುಳಿತರು. ಸೆಪ್ಟೆಂಬರ್ 13ರಂದು ಸೆರೆಯಾಯಿತು, 14ರಂದು ವಿಚಾರಣೆ. ಚಕ್ರವರ್ತಿಯ ಆಜ್ಞೆಯಂತೆ ಬಲಿ ಕೊಡು ಎಂದ ಅಧಿಕಾರಿ. ಕೊಡುವುದಿಲ್ಲ ಎಂದರು ಇವರು. ಯೋಚನೆ ಮಾಡು ಎಂದ ಆತ. ಇಷ್ಟು ನ್ಯಾಯವಾದ ವಿಷಯದಲ್ಲಿ ಯೋಚಿಸುವುದೇನೂ ಇಲ್ಲ ಎಂದರು. ಶಿಕ್ಷೆಯನ್ನು ಓದಿದಾಗ ದೇವರಿಗೆ ವಂದನೆ ಎಂದಷ್ಟೇ ಹೇಳಿ, ಬಯಲಿಗೆ ನಡೆದರು. ತಮ್ಮ ತಲೆ ಕಡಿಯುವವನಿಗೆ 25 ಚಿನ್ನದ ನಾಣ್ಯಗಳನ್ನು ಕೊಡಿಸಿದರು. ಕಣ್ಣಿಗೆ ಬಟ್ಟೆಯನ್ನು ತಾವೇ ಕಟ್ಟಿಕೊಂಡರು. ರಕ್ತ ಬೀಳುವಲ್ಲಿ ಜನ ತಮ್ಮ ವಸ್ತ್ರಗಳನ್ನು ಹಾಸಿದರು.

ಆ ದಿನದ ಇನ್ನೊಂದು ಸಣ್ಣ ಘಟನೆಯನ್ನು ಪೊಂಟಿಯಸ್ ದಾಖಲಿಸಿದ್ದಾನೆ. ನಡೆದು ಬಂದ ಆಯಾಸಕ್ಕೆ ಸಿಪ್ರಿಯನ್ನರ ಬಟ್ಟೆ ಬೆವರಿನಿಂದ ತೊಯ್ದಿತ್ತು. ವಿಚಾರಣೆಗೆ ಕಾಯುತ್ತಿದ್ದಾಗ ಸೈನಿಕನೊಬ್ಬ ಹತ್ತಿರ ಬಂದು, ಒದ್ದೆ ಬಟ್ಟೆ ಬದಲಿಸಿಕೊಳ್ಳಿ ಎಂದು ತನ್ನ ಒಣ ಬಟ್ಟೆಯನ್ನು ಕೊಡಹೋದ. ಬಹುಶಃ ಇಂದೇ ಮುಗಿದುಹೋಗುವ ತೊಂದರೆಗೆ ಮದ್ದೇಕೆ ಎಂಬ ಅರ್ಥದಲ್ಲಿ ಅವರು ಮೃದುವಾಗಿ ಬೇಡವೆಂದರು. ಆ ಸೈನಿಕನ ಬಗ್ಗೆ ಪೊಂಟಿಯಸ್ ಒಂದು ಮಾತು ಹೇಳುತ್ತಾನೆ: ಅವನು ಹಿಂದೊಮ್ಮೆ ಕ್ರೈಸ್ತನಾಗಿದ್ದವನು.

ಬಿದ್ದವನೊಬ್ಬ ಕೊನೆಯ ಗಳಿಗೆಯಲ್ಲಿ ತನ್ನ ಬಟ್ಟೆ ಹಿಡಿದು ಬಂದು ನಿಂತಿದ್ದ. ಇವರ ಹತ್ತಿರ ಹೋಗಬಹುದು ಎಂಬ ನಂಬಿಕೆ ಅವನಿಗೆ ಎಲ್ಲಿಂದಲೋ ಬಂದಿತ್ತು.

* * *

ಈಗ ನನ್ನ ಮಾತು.

ಸುಮಾರು ನಲವತ್ತು ವರ್ಷಗಳ ಹಿಂದೆ ನಾನೂ ಒಬ್ಬ ಹುಡುಗನನ್ನು ಚೀಟಿಯೊಡನೆ ಹಿಡಿದಿದ್ದೆ. ಜಾಮೆಟ್ರಿ ಬಾಕ್ಸಿನೊಳಗೆ ಮಡಿಸಿಟ್ಟಿದ್ದ ಬೆರಳಗಲದ ಕಾಗದ. ನಮ್ಮ ಹೆಡ್‌ಮಾಸ್ತರರು ಹಿರಿಯರು, "ಹೋಗ್ಲಿ ಬಿಡಿ ಮೇಷ್ಟ್ರೇ, ಕರೆಸಿ ಬುದ್ಧಿ ಹೇಳೋಣ" ಎಂದರು. ನಾನು ಒಪ್ಪಲಿಲ್ಲ. ಬೆಳಗಿನ ಪ್ರಾರ್ಥನೆಯಲ್ಲಿ, ಎಲ್ಲರೆದುರು, ಅವನ ತಂದೆಯನ್ನೂ ನಿಲ್ಲಿಸಿ, ಅವನಿಂದ ತಪ್ಪೊಪ್ಪಿಗೆ ಓದಿಸಿದೆ. ಚೀಟಿ ಏಕೆ ಬರೆದೆ ಎಂದು ಮಾತ್ರ ಕೇಳಲಿಲ್ಲ. ಮರುದಿನದಿಂದ ಅವನು ಶಾಲೆಗೆ ಬರಲಿಲ್ಲ. ಮಾರ್ಚಿ ಪರೀಕ್ಷೆಗೂ ಕೂರಲಿಲ್ಲ. ಆ ತಿಂಗಳುಗಳಲ್ಲಿ ಅವನ ತಾಯಿ ಆಸ್ಪತ್ರೆಯಲ್ಲಿದ್ದರೆಂದೂ, ಮನೆಯ ಕೆಲಸವೆಲ್ಲ ಅವನ ಮೇಲೇ ಇತ್ತೆಂದೂ ತಿಳಿದದ್ದು ಬೇಸಿಗೆ ರಜೆಯಲ್ಲಿ.

ಅದೇ ವರ್ಷ ನಮಗೆ ಮನೆ ಮನೆ ಗಣತಿಯ ಕೆಲಸ ಬಿದ್ದಿತ್ತು. ಊರಾಚೆಯ ಆರು ಮನೆಗಳಿಗೆ, ಮಳೆಯೆಂದು, ನಾನು ಹೋಗಲೇ ಇಲ್ಲ. ಪಕ್ಕದವರನ್ನು ಕೇಳಿ ಅಂಕಿ ತುಂಬಿ, 'ಖುದ್ದು ಭೇಟಿ ನೀಡಲಾಗಿದೆ' ಎಂಬ ಸಾಲಿನ ಕೆಳಗೆ ರುಜು ಹಾಕಿದೆ. ಕಾಗದ ಸರಿಯಿತ್ತು. ನನ್ನನ್ನು ಯಾರೂ ಪ್ರಾರ್ಥನೆಯಲ್ಲಿ ನಿಲ್ಲಿಸಲಿಲ್ಲ. ಬಲಿ ಕೊಡದೆ ಪತ್ರ ಪಡೆದವರ ಕಥೆಯನ್ನು ಓದುವವರೆಗೆ ಆ ಆರು ಮನೆಗಳ ನೆನಪೇ ನನಗೆ ಬಂದಿರಲಿಲ್ಲ ಎಂಬುದು ಇನ್ನೂ ನಾಚಿಕೆಯ ವಿಷಯ.

ಸಿಪ್ರಿಯನ್ ಅಡಗಿದ್ದವರು. ಅದನ್ನು ಮರೆಯದೆ ನ್ಯಾಯಪೀಠದಲ್ಲಿ ಕುಳಿತಿದ್ದರಿಂದಲೇ ಅವರಿಗೆ ಒಬ್ಬೊಬ್ಬರ ಮಾತನ್ನೂ ಕೇಳುವ ತಾಳ್ಮೆ ಬಂದಿರಬೇಕೆಂದು ನಾನು ಭಾವಿಸುತ್ತೇನೆ. ನನ್ನ ತಪ್ಪು ನನಗೆ ನೆನಪಿರಲಿಲ್ಲ. ಹಾಗಾಗಿ ನನಗೆ ಆ ತಾಳ್ಮೆಯೂ ಇರಲಿಲ್ಲ.

ಎರಡು ದಿನ ಬಿಟ್ಟು ಆ ಮುಖ್ಯೋಪಾಧ್ಯಾಯರಿಗೆ ನಾನೇ ದೂರವಾಣಿ ಮಾಡಿದೆ. "ಶಿಕ್ಷೆ ಇರಲಿ ಕಣಪ್ಪ, ಬೇಡ ಅನ್ನೋಲ್ಲ. ಆ ಪರೀಕ್ಷೆ ಮತ್ತೆ ಬರೆಸು. ಆದ್ರೆ ಮೊದಲು ಅವನನ್ನ ಒಬ್ಬನನ್ನೇ ಕೂರಿಸ್ಕೊಂಡು, ಯಾಕೆ ಹೀಗಾಯ್ತು ಅಂತ ಕೇಳು. ಶಾಲೆ ಬಿಟ್ಟು ಮಾತ್ರ ಕಳಿಸ್ಬೇಡ" ಎಂದೆ. ಸ್ವಲ್ಪ ಹೊತ್ತು ಆ ಕಡೆಯಿಂದ ಮಾತಿಲ್ಲ. ಆಮೇಲೆ, "ಆಗಲಿ ಸಾರ್" ಎಂದರು.

ನಾನು ಕಳಿಸಿಬಿಟ್ಟ ಹುಡುಗನನ್ನು ಆಮೇಲೆ ನೋಡಿಲ್ಲ. ಬೆಂಗಳೂರಿನ ಯಾವುದೋ ಹೋಟೆಲಿನಲ್ಲಿ ಕೆಲಸಕ್ಕೆ ಸೇರಿದನೆಂದು ಯಾರೋ ಹೇಳಿದ್ದರು. ಇಂದು ಅವನಿಗೂ ಮೊಮ್ಮಕ್ಕಳ ಹತ್ತಿರದ ವಯಸ್ಸು. ಅವನ ಹೆಸರನ್ನು ಇಲ್ಲಿ ಬರೆಯುವ ಹಕ್ಕು ನನಗಿಲ್ಲ. ಆ ವರ್ಷದ ತಂಡದವರಿಗೆ ನಾನು ಯಾರ ಬಗ್ಗೆ ಹೇಳುತ್ತಿದ್ದೇನೆಂದು ಗೊತ್ತಾಗುತ್ತದೆ. ನಿಮ್ಮಲ್ಲಿ ಯಾರಿಗಾದರೂ ಅವನು ಸಿಕ್ಕರೆ, ಮೇಷ್ಟ್ರು ಕೇಳಬೇಕಾಗಿದ್ದ ಪ್ರಶ್ನೆಯನ್ನು ಆವತ್ತು ಕೇಳಲಿಲ್ಲ, ತಪ್ಪಾಯಿತು ಅಂದರು ಎಂದು ದಯವಿಟ್ಟು ತಿಳಿಸಿ. ನಮ್ಮ ಮನೆ ಈಗಲೂ ಅದೇ ಬೀದಿಯಲ್ಲಿದೆ.

ಎಲ್ಲರಿಗೂ ಶುಭವಾಗಲಿ.